ತೊಗರಿಯ ಮೇಲೆ ಆಮದು ಸುಂಕ ಹೆಚ್ಚಿಸಿರೆಂದು ಕೇಳುವುದರಿಂದ ನಮ್ಮ ಭಾಗದ ರೈತರಿಗೆ ಲಾಭವಾದೀತೇ?

ಪ್ರಶ್ನೆ: ಎರೆಹೊಲ (ಸಿಂದಗಿ ತಾಲ್ಲೂಕು)

ಎಲ್ಲರಿಗೂ ಶರಣು. ನಮ್ಮ ಊರು ಮತ್ತು ಸುತ್ತಲಿನ ನಾಲ್ಕಾರು ಹಳ್ಳಿಗಳ ತೊಗರಿ ಬೆಳೆಗಾರರು ಸೇರಿ ಸಂಸದರ ಮೂಲಕ ಕೇಂದ್ರ ಸರ್ಕಾರಕ್ಕೆ ಮನವಿ ಸಲ್ಲಿಸಬೇಕೆಂದು ನಿಶ್ಚಯಿಸಿದ್ದೇವೆ. ಕರಡು ಬರೆಯುವ ಹೊಣೆ ನನ್ನ ಮೇಲೆ ಬಿದ್ದಿದೆ. ಹೊರದೇಶದ ತೊಗರಿಯ ಮೇಲೆ ಶೇ. 50ರಷ್ಟು ಆಮದು ಸುಂಕ ಹಾಕಬೇಕು ಎಂಬುದು ಸಭೆಯಲ್ಲಿ ಕೂಡಿದವರ ಒಕ್ಕೊರಲಿನ ಬೇಡಿಕೆ.

ಹಿನ್ನೆಲೆ ನಿಮಗೆ ತಿಳಿದದ್ದೇ. 2025-26ರ ಹಂಗಾಮಿನ ತೊಗರಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ರಾಶಿ (ಒಕ್ಕಣೆ) ಮಾಡಿ ಎಪಿಎಂಸಿಗೆ ಒಯ್ದಾಗ ನಮ್ಮ ಮಾಲಿಗೆ ಬಿದ್ದ ಟೆಂಡರ್ ದರ ಅದಕ್ಕಿಂತ ಕೆಳಗಿತ್ತು. ಮಳೆ ಹೆಚ್ಚಾಗಿ ಕೆಲವು ಹೊಲಗಳಲ್ಲಿ ಗಿಡ ನೆಟೆ ರೋಗದಿಂದ ಒಣಗಿ ಇಳುವರಿಯೂ ಕುಸಿದಿರುವಾಗ ದರವೂ ಇಲ್ಲವೆಂದರೆ, ಬೀಜ, ಗೊಬ್ಬರ, ಕೀಟನಾಶಕ ಮತ್ತು ಆಳಿನ ಖರ್ಚು ಕಳೆದು ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ಇತ್ತ ಹೊರಗಿನ ತೊಗರಿಯನ್ನು ಸುಂಕವಿಲ್ಲದೆ ತರಲು ಕೊಟ್ಟ ಅವಕಾಶವನ್ನು 2026ರ ಮಾರ್ಚ್ 31ರವರೆಗೆ ವಿಸ್ತರಿಸಲಾಗಿತ್ತು. ಗೋಧಿಗೆ ಶೇ. 40, ಗೋವಿನಜೋಳಕ್ಕೆ (ಮೆಕ್ಕೆಜೋಳಕ್ಕೆ) ಶೇ. 50ರಷ್ಟು ಸುಂಕ ಹಾಕುವ ಸರ್ಕಾರಕ್ಕೆ ತೊಗರಿ ಬೆಳೆಯುವವರು ಮಾತ್ರ ಏಕೆ ಕಾಣುವುದಿಲ್ಲ ಎಂಬುದು ನಮ್ಮ ಹಿರಿಯರ ಪ್ರಶ್ನೆ.

ಆದರೆ ಬರೆಯಲು ಕುಳಿತಾಗ ನನಗೆ ಅನುಮಾನಗಳು ಹುಟ್ಟಿವೆ. ಶೇ. 50 ಎಂಬ ಅಂಕಿಗೆ ಆಧಾರವೇನೆಂದು ಯಾರಾದರೂ ಕೇಳಿದರೆ ನಮ್ಮ ಬಳಿ ಉತ್ತರವಿಲ್ಲ. ಸುಂಕ ಏರಿಸಿದರೆ ಅದರ ಲಾಭ ಹೊಲದವರೆಗೆ ಬರುತ್ತದೆಯೋ, ದಾಲ್ ಮಿಲ್ಲಿನಲ್ಲಿಯೇ ನಿಲ್ಲುತ್ತದೆಯೋ ಎಂಬುದೂ ಸ್ಪಷ್ಟವಿಲ್ಲ. ಬಲ್ಲವರು ತಿಳಿಸಬೇಕು.

ಉತ್ತರ: ಲೆಕ್ಕದ ಪುಸ್ತಕ (ವಿಜಯಪುರ)

ನಾನು ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನಾದ್ದರಿಂದ ನನ್ನ ಮಾತಿನಲ್ಲಿ ವ್ಯಾಪಾರಿಯ ದೃಷ್ಟಿ ಸ್ವಲ್ಪ ಸೇರಿರಬಹುದು. ಅದನ್ನು ಬಿಟ್ಟು ಓದಿಕೊಳ್ಳಿರಿ.

ಖರೀದಿದಾರನು ಟೆಂಡರ್ ಹಾಕುವಾಗ ಯಾರ್ಡಿನಲ್ಲಿ ಎಷ್ಟು ಚೀಲ ಬಂದಿವೆ ಎಂಬುದನ್ನಷ್ಟೇ ನೋಡುವುದಿಲ್ಲ. ಮುಂದಿನ ಮೂರು ನಾಲ್ಕು ತಿಂಗಳಲ್ಲಿ ಬಂದರಿಗೆ ಎಷ್ಟು ಮಾಲು ಬರಲಿದೆ ಎಂಬುದನ್ನೂ ಲೆಕ್ಕ ಹಾಕುತ್ತಾನೆ. ಆಫ್ರಿಕಾದ ತೊಗರಿ ನಮ್ಮ ರಾಶಿಗೆ ಮುಂಚೆಯೇ, ಅಂದರೆ ಮಳೆಗಾಲದ ಕೊನೆಯಿಂದ ದೀಪಾವಳಿಯ ಆಚೆಯವರೆಗೆ ಬಂದಿಳಿಯುತ್ತದೆ. ಮ್ಯಾನ್ಮಾರ್‌ನ ತೊಗರಿಯ ಕಟಾವು ಹೆಚ್ಚುಕಡಿಮೆ ನಮ್ಮ ಕಟಾವಿನ ಹೊತ್ತಿಗೇ ನಡೆಯುತ್ತದೆ. ಗೋದಾಮು ತುಂಬಿಕೊಂಡಿರುವ ಮಿಲ್ಲಿನವನು ಜನವರಿಯಲ್ಲಿ ಅವಸರ ಮಾಡಿ ಏಕೆ ಕೊಳ್ಳಬೇಕು? ಇಂದು ಬೇಡವೆಂದರೆ ನಾಳೆ ಸಿಗುತ್ತದೆ ಎಂಬ ಧೈರ್ಯ ಅವನಿಗಿದೆ. ಆ ಧೈರ್ಯ ರೈತನಿಗಿಲ್ಲ, ಏಕೆಂದರೆ ಅವನಿಗೆ ಪಿಕೆಪಿಎಸ್ (ಊರಿನ ಕೃಷಿ ಪತ್ತಿನ ಸಹಕಾರಿ ಸಂಘ) ಸಾಲದ ಗಡುವು ಇರುತ್ತದೆ.

ಇನ್ನು ಸರ್ಕಾರದ ಆದೇಶಗಳು ಹೊರಬೀಳುವ ಸಮಯವನ್ನೂ ಗಮನಿಸಬೇಕು. ಸುಂಕವಿಲ್ಲದ ಆಮದನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಿದ ತೀರ್ಮಾನ ಪ್ರಕಟವಾದದ್ದು 2025ರ ಜನವರಿಯಲ್ಲಿ. ನಮ್ಮ ಜಿಲ್ಲೆಯ ಕಣಗಳಲ್ಲಿ ರಾಶಿ ನಡೆಯುವ ತಿಂಗಳೇ ಅದು. ಅದೇ ವೇಳೆಗೆ ಆ ವರ್ಷದ 7,550 ರೂಪಾಯಿ ಬೆಂಬಲ ಬೆಲೆಯ ಮೇಲೆ ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ ಕೊಡಬೇಕಾಯಿತು. ಒಂದು ಸರ್ಕಾರದ ಆದೇಶ ದರವನ್ನು ಇಳಿಸುವಂಥದ್ದು, ಇನ್ನೊಂದು ಸರ್ಕಾರ ತನ್ನ ಬೊಕ್ಕಸದಿಂದ ಅದನ್ನು ಎತ್ತಲು ನೋಡಿತು.

ದಾಸ್ತಾನು ಮಿತಿಯ, ಅಂದರೆ ವ್ಯಾಪಾರಿ ಇಷ್ಟಕ್ಕಿಂತ ಹೆಚ್ಚು ಮಾಲು ಇಟ್ಟುಕೊಳ್ಳಬಾರದೆಂಬ ಸರ್ಕಾರದ ನಿಯಮದ ವಿಷಯವನ್ನೂ ನಿಮ್ಮ ಕರಡಿನಲ್ಲಿ ಸೇರಿಸಿ. 2023ರ ಜೂನ್‌ನಲ್ಲಿ ತೊಗರಿ ಮತ್ತು ಉದ್ದಿಗೆ ಮಿತಿ ಹಾಕಿದರು, 2024ರ ಜೂನ್‌ನಲ್ಲಿ ತೊಗರಿ ಮತ್ತು ಕಡಲೆಗೆ ಹಾಕಿದರು. ಕಳ್ಳ ದಾಸ್ತಾನು ತಡೆಯುವುದು ಅದರ ಉದ್ದೇಶ, ಒಪ್ಪೋಣ. ಆದರೆ ಮಿತಿ ಯಾವಾಗ ಮತ್ತೆ ಬಂದೀತೋ ಎಂಬ ಅಂಜಿಕೆಯಿಂದ ಸಣ್ಣ ವ್ಯಾಪಾರಿಗಳು ಹಿಂದೆ ಸರಿದರೆ, ಟೆಂಡರ್ ಹಾಕುವವರ ಸಂಖ್ಯೆ ಇಳಿಯುತ್ತದೆ, ಅದರ ಹಿಂದೆಯೇ ದರವೂ ಇಳಿಯುತ್ತದೆ.

ಉತ್ತರ: ಅರ್ಥಶಾಸ್ತ್ರ ಉಪನ್ಯಾಸಕಿ (ಬಾಗಲಕೋಟೆ)

ಎರೆಹೊಲ ಅವರೇ, ನಿಮ್ಮ ಅನುಮಾನ ಸರಿಯಾಗಿದೆ. ತೊಗರಿಯ ಮಟ್ಟಿಗೆ ಶೇ. 50ರ ಸುಂಕವನ್ನು ಸರ್ಕಾರ ನಾಳೆಯೇ ಒಪ್ಪಿಕೊಂಡರೂ ಆಮದು ಹೆಚ್ಚೇನೂ ನಿಲ್ಲಲಾರದು. ಅದಕ್ಕೆ ಕಾರಣ ತೊಗರಿ ಯಾವ ದೇಶಗಳಿಂದ ಬರುತ್ತದೆ ಎಂಬುದರಲ್ಲಿದೆ.

ಭಾರತಕ್ಕೆ ತೊಗರಿ ಬರುವುದು ಮುಖ್ಯವಾಗಿ ಮೊಜಾಂಬಿಕ್, ಟಾಂಜಾನಿಯಾ, ಮಲಾವಿ, ಸುಡಾನ್ ಮತ್ತು ಮ್ಯಾನ್ಮಾರ್‌ನಿಂದ. ಇವೆಲ್ಲವೂ ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಅತ್ಯಂತ ಹಿಂದುಳಿದ ದೇಶಗಳು. ಇಂಥ ದೇಶಗಳ ಸರಕಿಗೆ ಸುಂಕ ರಿಯಾಯಿತಿ ಕೊಡುವ ಯೋಜನೆಯನ್ನು ಭಾರತ 2008ರಲ್ಲಿ ಆರಂಭಿಸಿ, ಅನಂತರ ಬಹುತೇಕ ಎಲ್ಲ ಸರಕುಗಳಿಗೂ ವಿಸ್ತರಿಸಿತು. ಸರಕು ಆ ದೇಶದಲ್ಲಿಯೇ ಬೆಳೆದದ್ದು ಎಂಬ ಪ್ರಮಾಣಪತ್ರವಿದ್ದರೆ ಸಾಕು, ಸಾಮಾನ್ಯ ಸುಂಕ ಎಷ್ಟೇ ಇರಲಿ, ಅವರ ತೊಗರಿ ಸುಂಕವಿಲ್ಲದೆ ಒಳಬರುತ್ತದೆ. 2017ರ ಮಾರ್ಚ್‌ನಲ್ಲಿ ತೊಗರಿಗೆ ಶೇ. 10ರ ಸುಂಕ ಹಾಕಿದ ಮೇಲೂ ಆ ವರ್ಷದ ಆಗಸ್ಟ್‌ನಲ್ಲಿ ಸರ್ಕಾರ ಬೇರೊಂದು ದಾರಿ ಹಿಡಿಯಿತು. ತೊಗರಿಯನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿ, ವರ್ಷಕ್ಕೆ ಇಂತಿಷ್ಟೇ ಟನ್ ಎಂಬ ಮಿತಿ ಹಾಕಿತು. 2021ರ ಮೇ ತಿಂಗಳಲ್ಲಿ ಆ ಪಟ್ಟಿಯಿಂದ ಹೊರತೆಗೆದು ಮುಕ್ತ ಆಮದಿಗೆ ಬಾಗಿಲು ತೆರೆಯಿತು. ಆದ್ದರಿಂದ ನೀವು ಬದಲಾವಣೆ ಕೇಳಬೇಕಾದದ್ದು ಸುಂಕದ ಅಂಕಿಗಿಂತ ಮೊದಲು ಈ ಮಿತಿಯ ವಿಷಯದಲ್ಲಿ.

ಮಿತಿ ಎಂದರೆ ಸಂಪೂರ್ಣ ನಿಷೇಧವಲ್ಲ, ಆಗಲೂ ಬಾರದು. ಮೊಜಾಂಬಿಕ್‌ನೊಂದಿಗೆ 2016ರಲ್ಲಿ ಮಾಡಿಕೊಂಡ ಒಡಂಬಡಿಕೆಯಡಿ ವರ್ಷಕ್ಕೆ 2 ಲಕ್ಷ ಟನ್, 2021ರ ಒಡಂಬಡಿಕೆಗಳಡಿ ಮಲಾವಿಯಿಂದ 50,000 ಟನ್ ಮತ್ತು ಮ್ಯಾನ್ಮಾರ್‌ನಿಂದ 1 ಲಕ್ಷ ಟನ್ ತೊಗರಿ ತರಿಸಿಕೊಳ್ಳುವುದಾಗಿ ನಮ್ಮ ದೇಶ ಒಪ್ಪಿತ್ತು. ಮೊಜಾಂಬಿಕ್‌ನ ಸಣ್ಣ ಹಿಡುವಳಿದಾರರು ಬಹುಮಟ್ಟಿಗೆ ಭಾರತದ ಪೇಟೆಯನ್ನೇ ನಂಬಿ ತೊಗರಿ ಬಿತ್ತುತ್ತಾರೆ, ಮತ್ತು 2017ರಲ್ಲಿ ನಾವು ಏಕಾಏಕಿ ಬಾಗಿಲು ಮುಚ್ಚಿದಾಗ ಅಲ್ಲಿಯ ದರ ನೆಲಕಚ್ಚಿತು. ನಮ್ಮ ಮನವಿಯಲ್ಲಿ ಇದನ್ನು ಬರೆಯುವ ಅಗತ್ಯವಿಲ್ಲ, ಆದರೆ ನಮ್ಮ ಎದುರಾಳಿಯೂ ಎರಡೆಕರೆಯ ರೈತನೇ ಎಂಬುದು ನೆನಪಿನಲ್ಲಿದ್ದರೆ ಒಳ್ಳೆಯದು.

ಸುಂಕವು ನಿಜವಾಗಿಯೂ ಕೆಲಸ ಮಾಡುವುದು ಹಳದಿ ಬಟಾಣಿಯ ಮೇಲೆ. ಅದು ಬರುವುದು ಹೆಚ್ಚಾಗಿ ಕೆನಡಾ ಮತ್ತು ರಷ್ಯಾದಿಂದ, ಆ ದೇಶಗಳಿಗೆ ಮೇಲೆ ಹೇಳಿದ ರಿಯಾಯಿತಿ ಇಲ್ಲ. ತೊಗರಿ ಬೆಳೆಗಾರರು ಬಟಾಣಿಯ ಚಿಂತೆ ಏಕೆ ಮಾಡಬೇಕೆಂದರೆ, ಅದು ಅಗ್ಗವಾದಾಗ ಮೊದಲು ಕಡಲೆ ಹಿಟ್ಟಿನ ಜಾಗಕ್ಕೆ ಬರುತ್ತದೆ, ಅನಂತರ ಹೋಟೆಲು ಮತ್ತು ಖಾನಾವಳಿಗಳ ಸಾರಿನಲ್ಲಿ ತೊಗರಿ ಬೇಳೆಯ ಪಾಲನ್ನೂ ಕಿತ್ತುಕೊಳ್ಳುತ್ತದೆ. 2017ರ ನವೆಂಬರ್‌ನಲ್ಲಿ ಬಟಾಣಿಗೆ ಶೇ. 50ರ ಸುಂಕ ಹಾಕಲಾಗಿತ್ತು. 2023ರ ಡಿಸೆಂಬರ್‌ನಲ್ಲಿ ಸುಂಕವನ್ನು ಪೂರ್ತಿ ತೆಗೆದರು. ಪರಿಣಾಮವಾಗಿ 2024-25ರಲ್ಲಿ 20 ಲಕ್ಷ ಟನ್‌ಗೂ ಹೆಚ್ಚು ಬಟಾಣಿ ಬಂದಿತು, ಒಟ್ಟು ಬೇಳೆಕಾಳುಗಳ ಆಮದು 70 ಲಕ್ಷ ಟನ್ ದಾಟಿತು. 2025ರ ನವೆಂಬರ್ 1ರಿಂದ ಬಟಾಣಿಗೆ ಮತ್ತೆ ಶೇ. 30ರ ಸುಂಕ ಜಾರಿಯಾಗಿದೆ. ಅದರಲ್ಲಿ ಶೇ. 10 ಮೂಲ ಸುಂಕ, ಉಳಿದ ಶೇ. 20 ಕೃಷಿ ಮೂಲಸೌಕರ್ಯ ಸೆಸ್. ಸೆಸ್‌ನ ಹಣದಲ್ಲಿ ರಾಜ್ಯಗಳಿಗೆ ಪಾಲಿಲ್ಲ ಎಂಬುದು ಬೇರೆಯೇ ಒಂದು ತಕರಾರು.

ಆದರೂ ಸುಂಕವನ್ನು ಅತಿಯಾಗಿ ನಂಬಬೇಡಿ. ಕಡಲೆಯ ಮೇಲಿನ ಸುಂಕ 2017ರ ಡಿಸೆಂಬರ್‌ನಲ್ಲಿ ಶೇ. 30 ಇದ್ದದ್ದು 2018ರ ಮಾರ್ಚ್ ಹೊತ್ತಿಗೆ ಶೇ. 60ಕ್ಕೆ ಏರಿತು. ಹಾಗಿದ್ದೂ ಆ ಹಂಗಾಮಿನಲ್ಲಿ ಕಡಲೆಯ ಪೇಟೆ ದರ 4,400 ರೂಪಾಯಿಯ ಬೆಂಬಲ ಬೆಲೆಯನ್ನು ಮುಟ್ಟಲಿಲ್ಲ, ಏಕೆಂದರೆ ದೇಶದೊಳಗಿನ ಬೆಳೆಯೇ ದಾಖಲೆ ಪ್ರಮಾಣದಲ್ಲಿ ಬಂದಿತ್ತು. ಸುಂಕವು ಹೊರಗಿನ ಮಾಲನ್ನು ತಡೆಯಬಲ್ಲದು, ಒಳಗಿನ ಮಾಲನ್ನು ಕೊಳ್ಳಲಾರದು. ಅಂಥ ವರ್ಷದಲ್ಲಿ ಬೆಂಬಲ ಬೆಲೆಗೆ ಕೊಳ್ಳುವ ಸರ್ಕಾರಿ ಖರೀದಿ ಕೇಂದ್ರವೊಂದೇ ಆಸರೆ.

ಉತ್ತರ: ಲೆಕ್ಕದ ಪುಸ್ತಕ (ವಿಜಯಪುರ)

ಮೇಡಂ ಅವರು ಹೇಳಿದ ಬಹುಪಾಲು ಮಾತು ಒಪ್ಪುವಂಥದ್ದು, ಆದರೆ ಆಮದಿನ ಮಿತಿಯ ವಿಷಯದಲ್ಲಿ ನನ್ನದೊಂದು ಆಕ್ಷೇಪವಿದೆ. ಮಿತಿ ಹಾಕಿದ ಕೂಡಲೇ ಲೈಸೆನ್ಸ್ ಬರುತ್ತದೆ. ಹಿಂದೆ ತೊಗರಿಯ ಕೋಟಾವನ್ನು ದಾಲ್ ಮಿಲ್ಲುಗಳಿಗೆ ಹಂಚುತ್ತಿದ್ದರು. ಯಾರಿಗೆ ಕೋಟಾ ಸಿಕ್ಕಿತೋ ಅವರು ಹೊರಗೆ ಅಗ್ಗಕ್ಕೆ ಕೊಂಡು ಇಲ್ಲಿ ತುಟ್ಟಿಯಾಗಿ ಮಾರುತ್ತಾರೆ, ಆ ಅಂತರದ ಲಾಭ ಸರ್ಕಾರಕ್ಕೂ ಇಲ್ಲ, ರೈತನಿಗೂ ಇಲ್ಲ. ಸುಂಕವಾದರೆ ಆ ಹಣ ಬೊಕ್ಕಸಕ್ಕಾದರೂ ಹೋಗುತ್ತದೆ. ಆದ್ದರಿಂದ ಮಿತಿ ಕೇಳುವುದಾದರೆ, ಅದರೊಳಗಿನ ಆಮದನ್ನು ಕೇಂದ್ರದ ಪರವಾಗಿ ಕಾಳು ಕೊಳ್ಳುವ ನಾಫೆಡ್‌ನಂಥ ಸಹಕಾರಿ ಸಂಸ್ಥೆಯ ಮೂಲಕವೇ ಮಾಡಿಸಿ ಕಾಯ್ದಿರಿಸಿದ ದಾಸ್ತಾನಿಗೆ ಹಾಕಬೇಕು ಎಂದು ಸೇರಿಸಿರಿ.

ಉತ್ತರ: ಗೋವಿನಜೋಳದವ (ಬೈಲಹೊಂಗಲ)

ನಮ್ಮ ಬೆಳಗಾವಿ ಜಿಲ್ಲೆಯ ಎರಡು ಬೆಳೆಗಳ ಕಥೆಯನ್ನು ಹೇಳಿದರೆ ಸಿಂದಗಿಯ ಅಣ್ಣಾವ್ರಿಗೆ ಉಪಯೋಗವಾದೀತು.

ಗೋವಿನಜೋಳಕ್ಕೆ ಶೇ. 50ರ ಸುಂಕ ಇದೆ. 5 ಲಕ್ಷ ಟನ್‌ನ ಮಿತಿಯೊಳಗೆ ಮಾತ್ರ ಶೇ. 15ರ ಸುಂಕದಲ್ಲಿ ತರಲು ಅವಕಾಶವಿದೆ, ಅದೂ ಕುಲಾಂತರಿ ಅಲ್ಲದ ಮಾಲು ಆಗಿರಬೇಕು. ಇಷ್ಟು ಗಟ್ಟಿ ಬೇಲಿ ಇದ್ದೂ 2025ರ ನವೆಂಬರ್‌ನಲ್ಲಿ ದರ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿದು, ಮುಖ್ಯಮಂತ್ರಿಯವರು ಪ್ರಧಾನಿಗೆ ಪತ್ರ ಬರೆಯುವವರೆಗೆ ವಿಷಯ ಹೋಯಿತು. ಇಥೆನಾಲ್‌ಗೆ ಗೋವಿನಜೋಳ ಬೇಕೆಂದು ಕೇಳಿ ನಮ್ಮಲ್ಲಿ ಅನೇಕರು ಬೇರೆ ಬೆಳೆ ಬಿಟ್ಟು ಇದನ್ನೇ ಬಿತ್ತಿದ್ದರು. ಬೆಳೆ ಬಂದಾಗ ಡಿಸ್ಟಿಲರಿಗಳು ನಾವೆಣಿಸಿದಷ್ಟು ಎತ್ತಲಿಲ್ಲ.

ಕಬ್ಬಿನದು ಇನ್ನೂ ಸ್ಪಷ್ಟವಾದ ಉದಾಹರಣೆ. ಸಕ್ಕರೆಯ ಮೇಲೆ 2018ರಿಂದ ಶೇ. 100ರ ಆಮದು ಸುಂಕವಿದೆ. ಅಷ್ಟಿದ್ದೂ ಅದೇ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್‌ಗೆ 3,500 ರೂಪಾಯಿ ಕೇಳಿ ರೈತರು ರಸ್ತೆಯಲ್ಲಿಯೇ ದಿನಗಟ್ಟಲೆ ಕೂರಬೇಕಾಯಿತು, ಕೊನೆಗೆ 3,300ಕ್ಕೆ ಒಪ್ಪಂದವಾಯಿತು. ಸುಂಕ ಕಾಯುವುದು ಸಕ್ಕರೆಯನ್ನು. ಕಬ್ಬಿಗೆ ಅದರ ಪಾಲು ಸಿಗಬೇಕಾದರೆ ಕಾರ್ಖಾನೆಯ ಎದುರು ರೈತರ ಸಂಘಟನೆ ನಿಲ್ಲಬೇಕು.

ಇಷ್ಟು ಹೇಳಿದ ಮೇಲೂ ಗೋವಿನಜೋಳದ ಸುಂಕವನ್ನು ಇಳಿಸಲು ನಾನು ಒಪ್ಪುವುದಿಲ್ಲ. ಅಮೆರಿಕದವರು 2025ರ ವ್ಯಾಪಾರ ಮಾತುಕತೆಯಲ್ಲಿ ತಮ್ಮ ಗೋವಿನಜೋಳಕ್ಕೆ ಬಾಗಿಲು ತೆರೆಯಿರೆಂದು ಒತ್ತಾಯಿಸಿದ್ದನ್ನು ನೋಡಿದರೆ, ಇರುವ ಬೇಲಿಯನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸವಾಗಬಹುದು.

ಉತ್ತರ: ಕೈಮಗ್ಗ (ಗುಳೇದಗುಡ್ಡ)

ರೈತರ ನಡುವೆ ಒಬ್ಬ ನೇಕಾರ ಮಾತನಾಡುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯಲ್ಲಿ ಹೊಲವಿಲ್ಲ, ಬೇಳೆಯನ್ನು ಅಂಗಡಿಯಿಂದಲೇ ತರಬೇಕು. 2015ರ ಅಕ್ಟೋಬರ್‌ನಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದನ್ನು ನಾವು ಮರೆತಿಲ್ಲ. ಆ ಬೆಲೆಯಲ್ಲಿ ನೇಕಾರನೂ, ಗೋವೆಗೆ ದುಡಿಯಲು ಹೋಗುವ ವಿಜಯಪುರದ ಕೂಲಿಕಾರನೂ ಬೇಳೆಯನ್ನೇ ಬಿಡುತ್ತಾರೆ. ಮಳೆಯಾಶ್ರಿತ ಹೊಲದ ರೈತನೂ ಜೋಳವೊಂದನ್ನು ಬಿಟ್ಟರೆ ಉಳಿದ ಸಂತೆಯನ್ನು ಕೊಂಡೇ ತರುವವನು.

ರೈತರಿಗೆ ದರ ಸಿಗಬೇಡವೆಂದು ನಾನು ಹೇಳುತ್ತಿಲ್ಲ. ಸುಂಕ ಏರಿಸಿದಾಗ ಅದನ್ನು ಕಟ್ಟುವವರು ಕೊನೆಗೆ ಬೇಳೆ ತಿನ್ನುವ ಬಡವರು, ಸರ್ಕಾರವಲ್ಲ. ಖರೀದಿ ಕೇಂದ್ರದ ಖರ್ಚಾದರೆ ಬೊಕ್ಕಸದ ಮೇಲೆ ಬೀಳುತ್ತದೆ. ಪಡಿತರದಲ್ಲಿ ಹೆಚ್ಚುವರಿಯಾಗಿ ಕೊಡುವ ಐದು ಕಿಲೋ ಅಕ್ಕಿಯ ಬದಲು ಇಂದಿರಾ ಆಹಾರ ಕಿಟ್ ಕೊಡಲು, ಅದರಲ್ಲಿ ತೊಗರಿ ಬೇಳೆಯನ್ನೂ ಸೇರಿಸಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿದೆ. ಆ ಬೇಳೆಯನ್ನು ಎಲ್ಲಿಂದ ಕೊಳ್ಳುತ್ತಾರೆ? ಟೆಂಡರ್ ಕರೆದು ಯಾರೋ ಗುತ್ತಿಗೆದಾರನಿಂದ ಕೊಂಡರೆ ಅದರಲ್ಲಿ ಮೊಜಾಂಬಿಕ್‌ನ ತೊಗರಿಯೇ ಇರಬಹುದು. ವಿಜಯಪುರ ಮತ್ತು ಕಲಬುರಗಿಯ ರೈತರಿಂದ ಬೆಂಬಲ ಬೆಲೆಗೆ ಕೊಂಡು, ಇಲ್ಲಿಯ ಮಿಲ್ಲುಗಳಲ್ಲಿಯೇ ಒಡೆಸಿ ಕೊಟ್ಟರೆ ನಿಮಗೂ ದರ, ನಮಗೂ ಬೇಳೆ.

ಉತ್ತರ: ಅರ್ಥಶಾಸ್ತ್ರ ಉಪನ್ಯಾಸಕಿ (ಬಾಗಲಕೋಟೆ)

ನೇಕಾರ ಅಣ್ಣನವರು 2015ನ್ನು ನೆನಪಿಸಿದ್ದು ಒಳ್ಳೆಯದಾಯಿತು, ಏಕೆಂದರೆ ಅದರ ಮುಂದಿನ ಭಾಗವೇ ರೈತರ ಕಷ್ಟದ ಮೂಲ. ಬೇಳೆ 200 ಮುಟ್ಟಿದ್ದನ್ನು ನೋಡಿ 2016ರ ಮುಂಗಾರಿನಲ್ಲಿ ಎಲ್ಲರೂ ತೊಗರಿ ಬಿತ್ತಿದರು, ಹಿಂದಿನ ವರ್ಷ ಸುಮಾರು 25 ಲಕ್ಷ ಟನ್ ಇದ್ದ ದೇಶದ ಉತ್ಪಾದನೆ 48 ಲಕ್ಷ ಟನ್ ಸಮೀಪಿಸಿತು. ಬೋನಸ್ ಸೇರಿ 5,050 ರೂಪಾಯಿ ಇದ್ದ ಬೆಂಬಲ ಬೆಲೆ ಪೇಟೆಯಲ್ಲಿ ಸಿಗದೆ, ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಂತಿತು. ಹೆಚ್ಚಾದ ಮಾಲನ್ನು ಹೊರಗೆ ಕಳಿಸೋಣವೆಂದರೆ, 2006ರಲ್ಲಿ ಹಾಕಿದ ಬೇಳೆಕಾಳು ರಫ್ತು ನಿಷೇಧ ಆಗಲೂ ಜಾರಿಯಲ್ಲಿತ್ತು. ತೊಗರಿಯ ಮೇಲಿನ ನಿಷೇಧ ತೆರವಾದದ್ದು 2017ರ ಸೆಪ್ಟೆಂಬರ್‌ನಲ್ಲಿ, ಅಂದರೆ ನಮ್ಮ ಭಾಗದ ರೈತ ಮಾಲು ಮಾರಿ ಎಷ್ಟೋ ತಿಂಗಳುಗಳಾದ ಮೇಲೆ. ಗೋಧಿಯ ವಿಷಯದಲ್ಲಿಯೂ 2022ರ ಮೇ ತಿಂಗಳಲ್ಲಿ, ಹೊರಗೆ ಒಳ್ಳೆಯ ದರವಿದ್ದಾಗಲೇ, ರಫ್ತು ನಿಲ್ಲಿಸಿದರು.

ಹೀಗೆ ದರ ಏರಿದಾಗ ಆಮದಿನ ಬಾಗಿಲು ತೆರೆದು ರಫ್ತಿನ ಬಾಗಿಲು ಹಾಕುವುದು, ದರ ಬಿದ್ದ ಮೇಲೆ ತಡವಾಗಿ ಸುಂಕ ಏರಿಸುವುದು ಎರಡು ದಶಕಗಳಿಂದ ನಡೆದು ಬಂದಿದೆ. ನನ್ನ ಅಭಿಪ್ರಾಯದಲ್ಲಿ ಸುಂಕ ಶೇ. 30 ಇರಬೇಕೋ ಶೇ. 50 ಇರಬೇಕೋ ಎಂಬುದಕ್ಕಿಂತ, ಈ ವರ್ಷ ಎಷ್ಟು ಟನ್ ಬರಲಿದೆ, ಯಾವ ತಿಂಗಳಲ್ಲಿ ಬರಲಿದೆ ಎಂಬುದು ಮೃಗಶಿರಾ ಮಳೆಗೆ ಮುಂಚೆ ರೈತನಿಗೆ ತಿಳಿದಿರಬೇಕು ಎಂಬುದು ಮುಖ್ಯ. ಬಿತ್ತುವ ಮುನ್ನ ತಿಳಿದರೆ ಅವನು ನಾಲ್ಕು ಎಕರೆಯಲ್ಲಿ ಎರಡನ್ನು ಬೇರೆ ಬೆಳೆಗೆ ಬಿಡುತ್ತಾನೆ. ರಾಶಿಯ ಹೊತ್ತಿಗೆ ತಿಳಿದರೆ ಮಾಡುವುದಕ್ಕೇನೂ ಉಳಿದಿರುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಎರೆಹೊಲ (ಸಿಂದಗಿ ತಾಲ್ಲೂಕು)

ಎಲ್ಲರ ಉತ್ತರಗಳನ್ನು ನಮ್ಮವರಿಗೆ ಓದಿ ಹೇಳಿದೆ. ಶೇ. 50ರ ಬೇಡಿಕೆಯನ್ನು ಬಿಡಲು ಕೆಲವು ಹಿರಿಯರು ಮೊದಲು ಒಪ್ಪಲಿಲ್ಲ, ಆಫ್ರಿಕಾದ ಮಾಲಿಗೆ ಆ ಸುಂಕ ತಟ್ಟುವುದೇ ಇಲ್ಲವೆಂದು ವಿವರಿಸಿದ ಮೇಲೆ ಒಪ್ಪಿದರು. ಹೊಸ ಕರಡಿನಲ್ಲಿ ಇಷ್ಟು ಬರೆಯಬೇಕೆಂದಿದ್ದೇನೆ: ತೊಗರಿಯ ಮುಕ್ತ ಆಮದನ್ನು ಮುಂದುವರಿಸದೆ ಒಡಂಬಡಿಕೆಯ ಪ್ರಮಾಣಕ್ಕೆ ಸೀಮಿತಗೊಳಿಸಬೇಕು, ಆ ಮಾಲು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಪೇಟೆಗೆ ಬಿಡುಗಡೆಯಾಗಬಾರದು, ಬಟಾಣಿಯ ಸುಂಕವನ್ನು ಶೇ. 50ಕ್ಕೆ ಮರಳಿಸಬೇಕು, ಮತ್ತು ಆಮದಿನ ಪ್ರಮಾಣವನ್ನು ಪ್ರತಿ ವರ್ಷ ಮೇ ತಿಂಗಳೊಳಗೆ ಪ್ರಕಟಿಸಬೇಕು. ಆಹಾರ ಕಿಟ್‌ನ ಬೇಳೆಯ ಬೇಡಿಕೆಯನ್ನು ರಾಜ್ಯ ಸರ್ಕಾರಕ್ಕೆ ಬೇರೆ ಪತ್ರದಲ್ಲಿ ಕೊಡುತ್ತೇವೆ. ಕೇಂದ್ರದ ಮನವಿ ಕೃಷಿ ಸಚಿವರಿಗೆ ಹೋದರೆ ಸಾಕೇ?

ಉತ್ತರ: ಅರ್ಥಶಾಸ್ತ್ರ ಉಪನ್ಯಾಸಕಿ (ಬಾಗಲಕೋಟೆ)

ಸಾಲದು. ಸುಂಕದ ಅಧಿಸೂಚನೆ ಹೊರಡಿಸುವುದು ಹಣಕಾಸು ಸಚಿವಾಲಯದ ಕಂದಾಯ ಇಲಾಖೆ. ಮುಕ್ತ ಅಥವಾ ನಿರ್ಬಂಧಿತ ಎಂದು ನಿಗದಿ ಮಾಡುವುದು ವಾಣಿಜ್ಯ ಸಚಿವಾಲಯದಡಿಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ. ದಾಸ್ತಾನು ಮಿತಿ ಗ್ರಾಹಕ ವ್ಯವಹಾರಗಳ ಸಚಿವಾಲಯದ ಕೈಯಲ್ಲಿದೆ, ಅದರ ಸಚಿವರು ನಮ್ಮ ನೆರೆಯ ಧಾರವಾಡದ ಸಂಸದರಾದ ಪ್ರಲ್ಹಾದ ಜೋಶಿಯವರೇ ಆಗಿರುವುದರಿಂದ ಒಂದು ಪ್ರತಿಯನ್ನು ಅವರಿಗೆ ಕೈಯಾರೆ ತಲುಪಿಸಿ. ಕೃಷಿ ಸಚಿವಾಲಯಕ್ಕೆ ಬರೆಯುವಾಗ 2025ರ ಅಕ್ಟೋಬರ್‌ನಲ್ಲಿ ಚಾಲನೆ ಪಡೆದ, 11,440 ಕೋಟಿ ರೂಪಾಯಿಯ ಬೇಳೆಕಾಳು ಸ್ವಾವಲಂಬನೆ ಯೋಜನೆಯನ್ನು ಹೆಸರಿಸಿ. ನೋಂದಾಯಿತ ರೈತರ ತೊಗರಿ, ಉದ್ದು ಮತ್ತು ಮಸೂರವನ್ನು ನಾಲ್ಕು ವರ್ಷ ಪೂರ್ತಿಯಾಗಿ ಕೊಳ್ಳುವುದಾಗಿ ಅದರಲ್ಲಿ ಹೇಳಲಾಗಿದೆ.

ಮನವಿಗೆ ಉತ್ತರ ಬರುವವರೆಗೆ ಕಾಯದೆ, ನಿಮ್ಮವರೆಲ್ಲರ ಫ್ರೂಟ್ಸ್ ಸಂಖ್ಯೆಯಲ್ಲಿ (ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ) ಈ ವರ್ಷದ ಬೆಳೆ ಸಮೀಕ್ಷೆಯ ವಿವರ ತೊಗರಿ ಎಂದೇ ದಾಖಲಾಗಿದೆಯೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಇದೇ ವಾರ ನೋಡಿಸಿ. ಅಲ್ಲಿ ಬೇರೆ ಬೆಳೆ ಬರೆದಿದ್ದರೆ ಖರೀದಿ ಕೇಂದ್ರದಲ್ಲಿ ಚೀಲ ಇಳಿಸಿಕೊಳ್ಳುವುದಿಲ್ಲ. ಕಾಳಿನ ತೇವಾಂಶ ಶೇ. 12 ಮೀರದಂತೆ ಒಣಗಿಸಿಯೇ ಒಯ್ಯಿರಿ.